ಅಮ್ಮನ ಮೊದಲ ವಿಮಾನ, ಬಿದಿರಿನ ಚಾವಣಿ

ಅಮ್ಮನ ಮೊದಲ ವಿಮಾನಯಾನ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದ. ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಬಸ್ ಹತ್ತಿ ನೆಮ್ಮದಿಯಾಗಿ ತಲುಪಿದೆವು. ಒಳಗೆ ಕಾಲಿಟ್ಟವಳೇ ಅಮ್ಮ ಕತ್ತೆತ್ತಿ ನಿಂತುಬಿಟ್ಟಳು. ಚಾವಣಿಯ ತುಂಬ ಬಿದಿರು, ನಡುನಡುವೆ ಗಂಟೆಗಳಂತೆ ತೂಗುವ ಹಸಿರು ಗಿಡಗಳು. "ನಮ್ಮ ಮೊರ ಹೆಣೆಯುವ ಬಿದಿರಲ್ಲವೇನೋ ಇದು?" ಎಂದಳು. ಬೆತ್ತದ ಆಸನದ ಹೆಣಿಗೆಯನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕುಳಿತಳು. ಅಲ್ಲಿಗೆ ಅವಳ ಭಯ ಅರ್ಧ ಕರಗಿತು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಈ ನಿಲ್ದಾಣ ಶುರುವಾದಾಗ ಇದ್ದದ್ದು ಒಂದೇ ರನ್‌ವೇ. 2019ರ ಡಿಸೆಂಬರ್‌ನಲ್ಲಿ ಇನ್ನೊಂದು ಬಂತು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಈ ಟರ್ಮಿನಲ್‌ಗೆ 2023ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಿಮಾನಗಳೂ ಸ್ಥಳಾಂತರಗೊಂಡವು. ಇಷ್ಟು ಬೆಳೆದೂ ಊರಿನ ಗುಣ ಉಳಿಸಿಕೊಂಡಿರುವುದು ನನಗೆ ನಿಜಕ್ಕೂ ಹೆಮ್ಮೆ.

ಒಂದು ಮಳಿಗೆಯ ಕಾಫಿ ಮಾತ್ರ ಬರೀ ನೀರು, ಬೆಲೆಯೋ ಕೈ ಸುಡುವಂಥದ್ದು. ಗೇಟಿನವರೆಗಿನ ನಡಿಗೆ ಉದ್ದವಿದೆ. ಮಂಡಿನೋವಿನ ಹಿರಿಯರಿದ್ದರೆ ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ಕೇಳಿಬಿಡಿ.