ಸೆಲ್ಫ್ ತಿರುಗುತ್ತೆ, ಲಾರಿ ಸ್ಟಾರ್ಟ್ ಆಗಲ್ಲ ಅಂದ ತಕ್ಷಣ ಪಂಪ್ ಬಿಚ್ಚಲು ಬಿಡಬೇಡಿ

ಲಾರಿ ಇಟ್ಟುಕೊಂಡಿರುವ ಅಣ್ಣ ತಮ್ಮಂದಿರೇ, ಇದನ್ನು ಪೂರ್ತಿ ಓದಿ. ಸೆಲ್ಫ್ ಚೆನ್ನಾಗಿ ತಿರುಗಿ ಗಾಡಿ ಸ್ಟಾರ್ಟ್ ಆಗದಿದ್ದಾಗ, ಡೀಸೆಲ್ ಪೈಪನ್ನೂ ಮುಟ್ಟದೆ ಯಾರಾದರೂ "ಡೀಸೆಲ್ ಪಂಪ್ ಹೋಗಿದೆ" ಅಂದರೆ ಒಪ್ಪಬೇಡಿ. ಪೀಣ್ಯ ಕಡೆಯ ಒಂದು ಗ್ಯಾರೇಜಿನಲ್ಲಿ ನನ್ನ 46 ಸಾವಿರ ರೂಪಾಯಿ ಹೋಯಿತು. ತೊಂದರೆ ಇದ್ದದ್ದು ಒಂದು ರಬ್ಬರ್ ಪೈಪಿನಲ್ಲಿ.

ನನ್ನದು ಬಿಎಸ್4 ಗಾಡಿ, ಕಾಮನ್ ರೈಲ್ ಇಂಜಿನ್. ಅಂದರೆ ಹೈ ಪ್ರೆಶರ್ ಪಂಪ್ ಡೀಸೆಲನ್ನು ರೈಲ್ ಅನ್ನುವ ಒಂದೇ ಪೈಪಿಗೆ ಒತ್ತಿ ತುಂಬುತ್ತೆ, ಅಲ್ಲಿಂದ ಇಂಜೆಕ್ಟರುಗಳು ಇಂಜಿನ್ ಒಳಗೆ ಸಿಂಪಡಿಸುತ್ತವೆ. ಒಂದೇ ಗಾಡಿ, ನಾನೇ ಓಡಿಸುತ್ತೇನೆ. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ರಾತ್ರಿಯೇ ಲೋಡ್ ಆಗಿತ್ತು, ಬೆಳಗ್ಗೆ ಹಾಸನಕ್ಕೆ ಹೊರಡಬೇಕು. ಕೀ ತಿರುಗಿಸಿದರೆ ಇಂಜಿನ್ ಜೋರಾಗಿ ಸುತ್ತುತ್ತೆ, ಹತ್ತಿಕೊಳ್ಳಲ್ಲ. ಸೈಲೆನ್ಸರಿನಲ್ಲಿ ಹೊಗೆಯೂ ಇಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿಯೂ ಉರಿಯುತ್ತಿಲ್ಲ ಅಂತ, ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಹೋಗುತ್ತಿಲ್ಲ ಅಂತ. ನಮ್ಮ ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತು. ಮಂಡಿಯವರು ಕಾಯಲಿಲ್ಲ, ಲೋಡನ್ನು ಬೇರೆ ಗಾಡಿಗೆ ಹಾಕಿಸಿದರು. ಬಾಡಿಗೆ ಹೋಯಿತು. ಗಾಡಿ ಎಳೆಸಿಕೊಂಡು ಪೀಣ್ಯಕ್ಕೆ ಹೋದೆ.

ಅಲ್ಲಿನ ಗ್ಯಾರೇಜಿನವನು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದ. ರೈಲ್ ಪ್ರೆಶರ್ ಕಡಿಮೆ ಅಂತ ಬಂತು. "ನೋಡಿ ಸಾರ್, ಸ್ಕ್ಯಾನರ್ರೇ ಹೇಳ್ತಿದೆ, ಹೈ ಪ್ರೆಶರ್ ಪಂಪ್ ಹೋಗಿದೆ" ಅಂದ. ಸ್ಕ್ಯಾನರ್ ಹಾಗೆ ಹೇಳಲೇ ಇಲ್ಲ! ಪ್ರೆಶರ್ ಏರುತ್ತಿಲ್ಲ ಅಂತಷ್ಟೇ ಹೇಳಿತ್ತು. ಸೆಲ್ಫ್ ಹೊಡೆಯುವಾಗ ರೈಲಿನಲ್ಲಿ ಸಾಕಷ್ಟು ಪ್ರೆಶರ್ ಬರದಿದ್ದರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಂಜೆಕ್ಟರ್ ತೆರೆಯುವುದೇ ಇಲ್ಲ. ಬರದೇ ಇರುವುದಕ್ಕೆ ಫಿಲ್ಟರ್ ಕಟ್ಟಿರಬಹುದು, ಲೈನ್ ಗಾಳಿ ಎಳೆಯುತ್ತಿರಬಹುದು, ಇಂಜೆಕ್ಟರಿನಿಂದ ಟ್ಯಾಂಕಿಗೆ ಡೀಸೆಲ್ ರಿಟರ್ನ್ ಜಾಸ್ತಿ ಹೋಗುತ್ತಿರಬಹುದು, ಸೆನ್ಸರ್ರೇ ಕೆಟ್ಟಿರಬಹುದು. ಇದನ್ನೆಲ್ಲ ನೋಡಿದ ಮೇಲಲ್ವಾ ಪಂಪ್?

"ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆಯಾ ನೋಡಪ್ಪ" ಅಂತ ನಾನು ಕೇಳಿದೆ. ಕೇಳಿದೆ ಅನ್ನುವುದೇ ಈಗ ಹೊಟ್ಟೆ ಉರಿಸುತ್ತಿದೆ. "ಅದೆಲ್ಲ ಹಳೇ ಗಾಡಿಗೆ ಸಾರ್, ಇದು ಕಾಮನ್ ರೈಲ್" ಅಂತ ಕೆಲಸದ ಹುಡುಗರ ಮುಂದೆ ನಕ್ಕ. ನನ್ನ ಕ್ಲೀನರ್ ಪಕ್ಕದಲ್ಲೇ ನಿಂತಿದ್ದ. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಪಂಪ್ ಬದಲಾಯಿಸಿದ, ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಲೈನಿಗೆ ಡೀಸೆಲ್ ತುಂಬಿಸುವ ಸಣ್ಣ ಪಂಪ್) ಒತ್ತಿ ಏರ್ ತೆಗೆದ, ಗಾಡಿ ಸ್ಟಾರ್ಟ್ ಆಯಿತು. ದುಡ್ಡು ಎಣಿಸಿ ಕೊಟ್ಟೆ. ರಾತ್ರಿ ನೆಲಮಂಗಲದ ಹತ್ತಿರ ಗಾಡಿ ನಿಲ್ಲಿಸಿದ್ದೆ. ಬೆಳಗ್ಗೆ ನೋಡಿದರೆ ಮತ್ತೆ ಅದೇ. ತಿರುಗುತ್ತೆ, ಸ್ಟಾರ್ಟ್ ಆಗಲ್ಲ.

ಪೀಣ್ಯದವನಿಗೆ ಫೋನ್ ಮಾಡಿದೆ. ಮೊದಲು "ಬ್ಯಾಟರಿ ವೀಕ್ ಇರಬೇಕು ಸಾರ್" ಅಂದ. ಆಮೇಲೆ "ನೀವು ಹಾಕಿಸೋ ಡೀಸೆಲ್ ಸರಿ ಇಲ್ಲ" ಅಂದ. ಆಮೇಲೆ "ಇಂಜೆಕ್ಟರ್ ಸೆಟ್ ಪೂರ್ತಿ ಮಾಡಿಸಬೇಕು, ಇನ್ನೊಂದು 60 ಸಾವಿರ ಆಗುತ್ತೆ" ಅಂದ. ಗಾಡಿ ನೋಡದೆ, ಫೋನಿನಲ್ಲೇ!

ಅಲ್ಲೇ ರಸ್ತೆ ಪಕ್ಕ ಕೆಲಸ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಸ್ಕ್ಯಾನರ್ ಇಲ್ಲ. ಪ್ರೈಮರ್ ಒತ್ತಿದರು, ಗಾಡಿ ಸ್ಟಾರ್ಟ್ ಆಯಿತು. ಫಿಲ್ಟರಿಗೆ ಬರುವ ಲೈನಿನಲ್ಲಿ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿದರು. ಸಾಲುಸಾಲಾಗಿ ಗುಳ್ಳೆ ಓಡುತ್ತಿದ್ದವು. ಟ್ಯಾಂಕಿನಿಂದ ಬರುವ ಪೈಪ್ ಚಾಸಿಗೆ ಉಜ್ಜಿ ಉಜ್ಜಿ ಕ್ಲಿಪ್ ಹತ್ತಿರ ಬಿರುಕು ಬಿಟ್ಟಿತ್ತು. ಅದು ಪಂಪ್ ಡೀಸೆಲ್ ಎಳೆಯುವ ಕಡೆಯ ಲೈನು. ಹಾಗಾಗಿ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ರಾತ್ರಿ ಗಾಡಿ ನಿಂತಾಗ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಪೈಪು, ಎರಡು ಕ್ಲಿಪ್, ಕೂಲಿ ಸೇರಿ 450 ರೂಪಾಯಿ.

ಆಗ ಹೊಳೆಯಿತು. ಪೀಣ್ಯದಲ್ಲೂ ಗಾಡಿ ಸ್ಟಾರ್ಟ್ ಆಗಿದ್ದು ಪ್ರೈಮರ್ ಒತ್ತಿದ್ದರಿಂದ. ಪಂಪ್ ಬಿಚ್ಚುವ ಮುಂಚೆ ಒತ್ತಿದ್ದರೂ ಆಗುತ್ತಿತ್ತು. ಚೆನ್ನಾಗಿದ್ದ ನನ್ನ ಪಂಪನ್ನು ಬಿಚ್ಚಿಕೊಂಡಿದ್ದಾನೆ!

ನೇರ ಹೋಗಿ ಹಳೇ ಪಂಪ್ ಕೊಡು ಅಂದೆ. "ಅದು ಎಕ್ಸ್‌ಚೇಂಜ್‌ಗೆ ಹೋಯ್ತು ಸಾರ್." ಹಾಗಾದರೆ ದುಡ್ಡು? "ಪಂಪ್ ಹಾಕಿದ ಮೇಲೇ ಸ್ಟಾರ್ಟ್ ಆಯ್ತಲ್ಲ, ನೀವೇ ನೋಡಿದ್ರಲ್ಲ?" ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ ಅಂದರೆ, "ಕಮರ್ಷಿಯಲ್ ಗಾಡಿಗೆ ಅದೆಲ್ಲ ಬರಲ್ಲ, ಹೋಗಿ." ಸುಳ್ಳು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರನ್ನು ಹೊರಗಿಟ್ಟಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ನನ್ನ ಹತ್ತಿರ ಇದೆ.

ನಿಮ್ಮ ಗಾಡಿಗೆ ಹೀಗಾದರೆ ಮೊದಲು ಪ್ರೈಮರ್ ಒತ್ತಿ ಸ್ಟಾರ್ಟ್ ಮಾಡಿಸಿ ನೋಡಿ. ಸ್ಟಾರ್ಟ್ ಆಯಿತು ಅಂದರೆ, ಟ್ಯಾಂಕಿನಿಂದ ಫಿಲ್ಟರ್ ತನಕ ಪೈಪ್ ಪೂರ್ತಿ ನೋಡದೆ ಸ್ಪ್ಯಾನರ್ ಹಾಕಲು ಬಿಡಬೇಡಿ. ಬಿಚ್ಚಿದ ಪಾರ್ಟ್ ಕೈಗೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ. "ಎಕ್ಸ್‌ಚೇಂಜ್" ಅಂದರೆ, ಎಕ್ಸ್‌ಚೇಂಜಿಗೆ ಎಷ್ಟು ಕಡಿಮೆ ಮಾಡಿದೆ ಅಂತ ಬಿಲ್ಲಿನಲ್ಲಿ ಬರೆಸಿ. ನನ್ನ ಬಿಲ್ಲಿನಲ್ಲಿ ಆ ಸಾಲೇ ಇಲ್ಲ.