ಯಂತ್ರದ ಭಾಗಗಳಿಗೆ ಸ್ಪ್ರೇ ಹೊಡೆಯುವ ಮುನ್ನ: ನನಗಾದದ್ದು ನಿಮಗಾಗದಿರಲಿ

ಮೂರು ದಿನ ಕಷ್ಟಪಟ್ಟು ಹೊಡೆದ ಬಣ್ಣವನ್ನು ನಾಲ್ಕನೇ ದಿನ ಪೇಂಟ್ ರಿಮೂವರ್ ಹಚ್ಚಿ ಪೂರ್ತಿ ಕೆರೆದು ತೆಗೆದೆ. ಅದೊಂದು ಹಳೆಯ ಬೆಂಚ್ ಡ್ರಿಲ್ಲಿಂಗ್ ಯಂತ್ರ. ಬುಡ, ತಲೆಭಾಗ, ಪುಲ್ಲಿಯ ಮುಚ್ಚಳ, ಎಲ್ಲವನ್ನೂ ಬಿಚ್ಚಿ ಕೂತಿದ್ದೆ. ಇಂಥ ಕೆಲಸಕ್ಕೆ ನೀವು ಕೈ ಹಾಕುವವರಿದ್ದರೆ ಮೊದಲು ಇದನ್ನು ಓದಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಆದದ್ದು ಬಣ್ಣದ ಡಬ್ಬಿ ಮುಟ್ಟುವುದಕ್ಕೂ ಮೊದಲು. ನಾನು ಮೊದಲು ಎಮರಿ ಪೇಪರ್ ಹಿಡಿದು ತುಕ್ಕು ಉಜ್ಜಿದೆ, ಆಮೇಲೆ ಸೀಮೆಎಣ್ಣೆಯಲ್ಲಿ ಒರೆಸಿದೆ. ಜಿಡ್ಡು ಇರುವಾಗಲೇ ಉಜ್ಜಿದರೆ ಅದು ಗೀರುಗಳ ಒಳಗೆ ಹೋಗಿ ಕೂರುತ್ತದೆ. ಸೀಮೆಎಣ್ಣೆ ಕೂಡ ಒಣಗಿದ ಮೇಲೆ ತನ್ನದೇ ಒಂದು ತೆಳು ಜಿಡ್ಡು ಉಳಿಸುತ್ತದೆ. ಕಣ್ಣಿಗೆ ಲೋಹ ಫಳಫಳ ಹೊಳೆಯುತ್ತಿತ್ತು, ಹಾಗಾಗಿ ಶುದ್ಧವಾಗಿದೆ ಅಂದುಕೊಂಡೆ.

ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚಿನ ಅಡಿ ಪದರ, ಬಿದ್ದ ನಿಮಿಷದಲ್ಲೇ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡಿಗಳು ಎದ್ದವು. ಆಗಲೇ ನಿಲ್ಲಿಸಬೇಕಿತ್ತು. ಇನ್ನೊಂದು ಕೋಟ್ ಕೊಟ್ಟರೆ ತುಂಬಿಕೊಳ್ಳುತ್ತದೆ ಅಂತ ಮುಂದುವರಿದೆ. ತುಂಬುವುದಿಲ್ಲ. ಜಿಡ್ಡಿರುವ ಜಾಗದಿಂದ ಬಣ್ಣ ಸುತ್ತಲೂ ಸರಿದು ನಿಲ್ಲುತ್ತದೆ. ಸಿಲಿಕೋನ್ ಇರುವ ಲೂಬ್ರಿಕೆಂಟ್ ಸ್ಪ್ರೇ ಆದರೆ ಇನ್ನೂ ಕೆಟ್ಟದ್ದು, ಬಣ್ಣ ಹೊಡೆಯುವ ಜಾಗದ ಹತ್ತಿರವೇ ಅದನ್ನು ತರಬೇಡಿ.

ಬೀಡು ಕಬ್ಬಿಣದ ವಿಷಯ ಇನ್ನೊಂದಿದೆ. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ವರ್ಷಗಟ್ಟಲೆ ಕುಡಿದ ಎಣ್ಣೆ ಅಲ್ಲೇ ಇರುತ್ತದೆ, ಬಿಸಿಯಾದಾಗ ಬೆವರಿನ ಹಾಗೆ ಮೇಲೆ ಬರುತ್ತದೆ. ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಬಿಸಿನೀರು, ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ತೊಳೆಯುವುದು. ಒಣಗಿದ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿ, ಮೇಲೆ ಬಂದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸುವುದು. ಬಟ್ಟೆ ಬಿಳಿಯಾಗೇ ಉಳಿಯುವ ತನಕ ಇದನ್ನೇ ಮತ್ತೆ ಮತ್ತೆ ಮಾಡುವುದು. ಎಮರಿ ಪೇಪರ್ ಆಮೇಲೆ. ಕೊನೆಗೆ ಭಾಗ ಪೂರ್ತಿ ತಣ್ಣಗಾದ ಮೇಲೆ ಥಿನ್ನರ್‌ನಲ್ಲಿ ಒಂದು ಬಟ್ಟೆ ಒದ್ದೆ ಮಾಡಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಒಂದೇ ಬಟ್ಟೆ ಆದರೆ ಜಿಡ್ಡು ಸುಮ್ನೆ ಜಾಗ ಬದಲಿಸುತ್ತದೆ ಅಷ್ಟೆ.

ಶುದ್ಧವಾಗಿದೆಯಾ ಅಂತ ತಿಳಿಯಲು ಸ್ವಲ್ಪ ನೀರು ಸುರಿದು ನೋಡಿ. ನೀರು ಒಂದೇ ಪದರವಾಗಿ ಹರಡಿದರೆ ಸರಿ. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ನೋಡಿದ ಕೂಡಲೇ ಒಣಗಿಸಿ, ಬರಿ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ.

ಇಲ್ಲೇ ಒಂದು ಮಾತು, ಇದು ಜೀವದ ಪ್ರಶ್ನೆ. ಥಿನ್ನರ್ ಆವಿ ಇರುವಲ್ಲಿ ಹೀಟ್ ಗನ್ ಹಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಜಿಡ್ಡು ತೆಗೆಯಲು ಬಳಸುವ ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಉರಿಗೋ ವೆಲ್ಡಿಂಗ್ ಶಾಖಕ್ಕೋ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಬಿಸಿ ಮಾಡುವ ಭಾಗಕ್ಕೆ ಅದನ್ನು ಬಳಸಲೇಬೇಡಿ.

ಎರಡನೇ ತಪ್ಪು, ಅವಸರ. ಡಬ್ಬಿಯ ಮೇಲೆ ಮುಂದಿನ ಕೋಟ್ 1 ಗಂಟೆಯೊಳಗೆ, ಇಲ್ಲವೇ 48 ಗಂಟೆ ಆದ ಮೇಲೆ ಅಂತ ಬರೆದಿತ್ತು. ನಾನು ಮುಟ್ಟಿ ನೋಡಿ, ಒಣಗಿದೆ ಅಂತ ಸುಮಾರು ಆರು ಗಂಟೆ ಕಳೆದ ಮೇಲೆ ಹೊಡೆದೆ. ನೋಡನೋಡುತ್ತಲೇ ಪೂರ್ತಿ ಮೇಲ್ಮೈ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಮೇಲೆ ಒಣಗಿದ್ದರೂ ಒಳಗೆ ಮೆತ್ತಗಿರುವ ಪದರವನ್ನು ಹೊಸ ಬಣ್ಣದ ದ್ರಾವಕ ಉಬ್ಬಿಸಿಬಿಡುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಮಯ ಇರುತ್ತದೆ, ನಿಮ್ಮ ಡಬ್ಬಿ ಓದಿ. ಬೆರಳ ತುದಿಯನ್ನು ನಂಬಬೇಡಿ.

ಸ್ಪ್ರೇ ಡಬ್ಬಿಗೂ ಭಾಗಕ್ಕೂ ನಡುವಿನ ದೂರ 20ರಿಂದ 30 ಸೆಂಟಿಮೀಟರ್ ಇರಲಿ, ತೆಳುವಾಗಿ ಹೊಡೆಯಿರಿ. ಹತ್ತಿರವಾದರೆ ಸೋರುತ್ತದೆ, ದೂರವಾದರೆ ಪುಡಿಪುಡಿಯಾಗಿ ಕೂರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಕೆಲಸ ಮುಂದೂಡಿ.

ಬಣ್ಣ ಬೀಳಬಾರದ ಜಾಗಕ್ಕೆ ಟೇಪ್ ಹಚ್ಚುವುದನ್ನು ನಾನು ಸಣ್ಣ ಕೆಲಸ ಅಂದುಕೊಂಡಿದ್ದೆ. ಕಂಬ ಕೂರುವ ರಂಧ್ರದೊಳಗೆ ಬಣ್ಣ ಹೋಗಿತ್ತು, ಕಂಬ ಒಳಗೆ ಇಳಿಯಲೇ ಇಲ್ಲ. ಅದಕ್ಕಿಂತ ಭಯವಾದದ್ದು ಅರ್ಥ್ ತಂತಿಯನ್ನು ಯಂತ್ರದ ಮೈಗೆ ಬಿಗಿಯುವ ಅರ್ಥಿಂಗ್ ಸ್ಕ್ರೂ ನೋಡಿ. ಅದರ ಅಡಿಯೂ ಬಣ್ಣ. ಬಣ್ಣ ವಿದ್ಯುತ್ ಹರಿಯಲು ಬಿಡುವುದಿಲ್ಲ. ಮಲ್ಟಿಮೀಟರ್ ಹಿಡಿದಾಗ ಅರ್ಥ್ ತಂತಿಗೂ ಯಂತ್ರದ ಮೈಗೂ ಸಂಪರ್ಕವೇ ಇರಲಿಲ್ಲ. ಸುಮ್ನೆ ಚಾಲೂ ಮಾಡಿದ್ದರೆ? ದಯವಿಟ್ಟು ಬೇರಿಂಗ್ ಕೂರುವ ಜಾಗ, ಸ್ಕ್ರೂ ತಿರುಗುವ ಥ್ರೆಡ್‌ಗಳು, ಅರ್ಥಿಂಗ್ ಜಾಗ, ಮೂರನ್ನೂ ಮುಚ್ಚಿ. ಜೋಡಿಸಿದ ಮೇಲೆ ಮೀಟರ್ ಹಿಡಿದು ನೋಡದೆ ಪ್ಲಗ್ ಹಾಕಬೇಡಿ.

ಧೂಳಿನ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಬಾಗಿಲು ಮುಚ್ಚಿ ಹೊಡೆದ ರಾತ್ರಿ ನನಗೆ ತಲೆ ಸಿಡಿಯುತ್ತಿತ್ತು. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಟೂ-ಕೆ (ಎರಡು ಭಾಗದ) ಪೇಂಟ್‌ಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಶಾಶ್ವತ ಆಸ್ತಮಾ ತರಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಸದ್ಯಕ್ಕೆ ಬುಡಕ್ಕೆ ಮಾತ್ರ ಹೊಸ ಪ್ರೈಮರ್ ಬಿದ್ದಿದೆ, ಒಂದೂ ಗುಂಡಿ ಇಲ್ಲ. ತಲೆಭಾಗವನ್ನು ನಿನ್ನೆ ಐದನೇ ಸಲ ಬಿಸಿ ಮಾಡಿದೆ. ಬಟ್ಟೆಯಲ್ಲಿ ಇನ್ನೂ ಕಂದು ಕಲೆ ಬರುತ್ತಿದೆ, ನಾಳೆ ಮತ್ತೆ ಬಿಸಿ ಮಾಡುತ್ತೇನೆ.