ಲಂಡನ್ನಿನ ಪೋಸ್ಟ್‌ಮನ್ ಪಾರ್ಕು, ನೆಲದಡಿಯ ಟಪಾಲು ರೈಲು

ನಾನು ಬೇಲೂರು ತಾಲ್ಲೂಕಿನ ಹಳ್ಳಿಗಳಲ್ಲಿ 31 ವರ್ಷ ಟಪಾಲು ಹಂಚಿದವನು. ಈಗ ನಿವೃತ್ತನಾಗಿ ಹಾಸನದಲ್ಲಿದ್ದೇನೆ. ಮಗ, ಸೊಸೆ ಲಂಡನ್ನಿನಲ್ಲಿದ್ದಾರೆ. ಈ ಸಲ ಹೋದಾಗ ಬಿಗ್ ಬೆನ್, ಅರಮನೆ, ದೊಡ್ಡ ಚಕ್ರ ಎಲ್ಲಾ ಎರಡೇ ದಿನದಲ್ಲಿ ನೋಡಿ ಮುಗಿಸಿದೆವು. ಚೆನ್ನಾಗಿವೆ, ಆದರೆ ಜಾತ್ರೆಯಂತೆ ಜನ. ಮೂರನೇ ದಿನ ಸೊಸೆ, "ಮಾವ, ಇವತ್ತು ನಿಮ್ಮ ಡಿಪಾರ್ಟ್‌ಮೆಂಟಿನ ಜಾಗ ತೋರಿಸ್ತೀನಿ ಬನ್ನಿ" ಅಂದಳು. ನಮ್ಮ ಕಡೆಯಿಂದ ಹೋಗುವವರು ಈ ಎರಡು ಜಾಗ ಬಿಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಅಂಚೆ ಮ್ಯೂಸಿಯಂ, ಮೌಂಟ್ ಪ್ಲೆಸೆಂಟ್ ಅನ್ನುವ ಕಡೆ. ಅಲ್ಲಿ ನೆಲದಡಿ ಟಪಾಲಿಗೆಂದೇ ಒಂದು ಪುಟ್ಟ ರೈಲು ಓಡುತ್ತಿತ್ತು. ಜನ ಹತ್ತುವುದಕ್ಕಲ್ಲ, ಚೀಲಗಳಿಗೆ ಮಾತ್ರ. ಡ್ರೈವರ್ ಇಲ್ಲ, ಕರೆಂಟಿನಲ್ಲೇ ಓಡುತ್ತಿತ್ತು. 1927ರಿಂದ 2003ರವರೆಗೆ, ಪ್ಯಾಡಿಂಗ್ಟನ್‌ನಿಂದ ವೈಟ್‌ಚಾಪೆಲ್‌ಗೆ, ಸುಮಾರು ಹತ್ತೂವರೆ ಕಿಲೋಮೀಟರ್. ಮೇಲೆ ರಸ್ತೆಯಲ್ಲಿ ಗಾಡಿಗಳ ನೂಕುನುಗ್ಗಲಿಗೆ ಟಪಾಲು ತಡವಾಗುತ್ತದೆ ಅಂತ ಮಾಡಿದ ಏರ್ಪಾಡು. ಬಸ್ ಕೆಟ್ಟು ನಿಂತ ದಿನ ಚೀಲಕ್ಕಾಗಿ ರಸ್ತೆ ಕಾಯುತ್ತಾ ಕೂತಿದ್ದ ನನಗೆ ಇದರ ಬೆಲೆ ಗೊತ್ತು. ಈಗ ಆ ಸುರಂಗದಲ್ಲಿ ನಮ್ಮನ್ನೇ ಕೂರಿಸಿ ಕಾಲು ಗಂಟೆ ಸುತ್ತಿಸುತ್ತಾರೆ. ಡಬ್ಬಿ ತೀರಾ ಚಿಕ್ಕದು, ಬಗ್ಗಿ ನುಗ್ಗಬೇಕು. ಮಂಡಿ ನೋವು ಜಾಸ್ತಿ ಇದ್ದರೆ ಕಷ್ಟ. ಟಿಕೆಟ್ ಮೊದಲೇ ಬುಕ್ ಮಾಡಿಕೊಂಡು ಹೋಗಿ. ಮ್ಯೂಸಿಯಂನಲ್ಲಿ ಹಳೇ ಅಂಚೆ ಪೆಟ್ಟಿಗೆಗಳೂ ಇವೆ. ಅಂಚೆ ಪೆಟ್ಟಿಗೆ ಅಂದರೆ ಕೆಂಪು ಅಂತಲೇ ನಾನು ತಿಳಿದಿದ್ದೆ. ಅಲ್ಲಿ ಮೊದಲು ಹಸಿರು ಬಳಿಯುತ್ತಿದ್ದರಂತೆ, ಕೆಂಪು ಬಂದಿದ್ದು 1874ರಿಂದ.

ನನ್ನ ಮನಸ್ಸು ಹಿಡಿದಿದ್ದು ಮಾತ್ರ ಎರಡನೆಯದು, ಪೋಸ್ಟ್‌ಮನ್ ಪಾರ್ಕು. ಸೇಂಟ್ ಪಾಲ್ಸ್ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಪಕ್ಕದಲ್ಲೇ ಹಿಂದೆ ದೊಡ್ಡ ಅಂಚೆ ಕಚೇರಿ ಇತ್ತು, ಅಲ್ಲಿನ ಪೋಸ್ಟ್‌ಮನ್‌ಗಳು ಬಿಡುವಿನಲ್ಲಿ ಇಲ್ಲಿ ಬಂದು ಕೂರುತ್ತಿದ್ದರು. ಅದಕ್ಕೇ ಆ ಹೆಸರು. ಪ್ರವೇಶಕ್ಕೆ ದುಡ್ಡಿಲ್ಲ. ಹಳೇ ಚರ್ಚಿನ ಅಂಗಳ, ಗೋಡೆಗೆ ಒರಗಿಸಿಟ್ಟ ಸಮಾಧಿ ಕಲ್ಲುಗಳು. ಬಾಗಿಲು ಕಣ್ಣಿಗೆ ಬೀಳುವುದಿಲ್ಲ, ನಾವು ಒಂದು ಸಲ ದಾಟಿಕೊಂಡೇ ಹೋಗಿದ್ದೆವು.

ಒಳಗೆ ಮರದ ಕಂಬಗಳ ಒಂದು ಉದ್ದನೆಯ ಜಗಲಿ. ಅದರ ಗೋಡೆಯ ಮೇಲೆ ಟೈಲ್ಸಿನ ಫಲಕಗಳು. ಬೇರೆಯವರನ್ನು ಉಳಿಸಲು ಹೋಗಿ ಜೀವ ಬಿಟ್ಟ ಸಾಮಾನ್ಯ ಜನರ ಹೆಸರು ಅಲ್ಲಿವೆ. ವಾಟ್ಸ್ ಅನ್ನುವ ಚಿತ್ರಕಾರರು 1900ರಲ್ಲಿ ಮಾಡಿಸಿದ್ದು. ಸೊಸೆ ಓದಿ ಓದಿ ಹೇಳಿದಳು. ಆಲಿಸ್ ಏಯರ್ಸ್, ಗಾರೆ ಕೂಲಿಯವನ ಮಗಳು, ಹೊತ್ತಿ ಉರಿಯುವ ಮನೆಯಿಂದ 3 ಮಕ್ಕಳನ್ನು ಉಳಿಸಿ ತಾನು ಹೋದಳು, 1885. ಥಾಮಸ್ ಗ್ರಿಫಿನ್, ಕೂಲಿಯಾಳು, ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಾಗ ಜೊತೆಗಾರನನ್ನು ಹುಡುಕಲು ವಾಪಸ್ ಹೋಗಿ ಬೆಂದು ಸತ್ತ, 1899. ಅವನು ಹೊರಗೆ ಬಂದಾಗಿತ್ತು. ಮತ್ತೆ ಒಳಗೆ ಹೋದನಲ್ಲ, ಅಲ್ಲೇ ನನ್ನ ಕಣ್ಣು ತುಂಬಿತು.

ಇದು ವೀರಗಲ್ಲು ಅಲ್ವಾ? ನನ್ನ ಬೀಟಿನಲ್ಲಿ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿತ್ತು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ದಿನಾ ಅದಕ್ಕೆ ಸೈಕಲ್ ಒರಗಿಸಿ ನೀರು ಕುಡಿಯುತ್ತಿದ್ದೆ. ಅದು ಯಾರ ಕಲ್ಲು ಅಂತ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಹೆಸರು, ಕೆಲಸ, ತಾರೀಖು ಎಲ್ಲಾ ಇದೆ. 120 ಫಲಕಗಳಿಗೆ ಜಾಗ ಬಿಟ್ಟಿದ್ದರಂತೆ, ಇರುವುದು 54. ಉಳಿದ ಗೋಡೆ ಖಾಲಿ.

ಎರಡೂ ಒಂದೇ ದಿನದಲ್ಲಿ ಆಗುತ್ತದೆ, ಮಧ್ಯೆ ನಡೆದೇ ಹೋಗಬಹುದು. ಬೆಳಿಗ್ಗೆ ರೈಲು ಮುಗಿಸಿ, ಬುತ್ತಿ ಕಟ್ಟಿಕೊಂಡು ಪಾರ್ಕಿಗೆ ಬನ್ನಿ. ನಾವು ಚಿತ್ರಾನ್ನ ಒಯ್ದಿದ್ದೆವು. ಒಂದು ಗಂಟೆಗೆ ಸುತ್ತಲಿನ ಆಫೀಸಿನವರು ಬಂದು ಬೆಂಚೆಲ್ಲಾ ತುಂಬಿಬಿಡುತ್ತಾರೆ, ಹನ್ನೆರಡೂವರೆಗೇ ಹೋಗಿ ಫಲಕಗಳ ಎದುರಿನ ಬೆಂಚು ಹಿಡಿಯಿರಿ.